ಮೀನಿನ ಸುದ್ದಿಯಿಲ್ಲದ ಸಮುದ್ರ

ಬೆಳಗಿನ ಹೊತ್ತು ಸಮುದ್ರಕ್ಕೆ ಎಂಥ ವಾಸನೆ ಇರುತ್ತದೆ ಎಂಬುದು ನನಗೆ ಗೊತ್ತಿಲ್ಲ. ಯಾರಾದರೂ ಕೇಳಿದರೆ ಏನು ಹೇಳಲಿ?

ಫೆಬ್ರವರಿ 10, ಸೋಮವಾರ. ಗಾಜಿಪುರ ಬಡಾವಣೆಯ ಮನೆಯೊಂದರಲ್ಲಿ ಒಬ್ಬ ಹುಡುಗಿ ತನಗೆ ತಾನೇ ಹೇಳಿಕೊಂಡಂತೆ ಇಷ್ಟನ್ನು ಡೈರಿಯಲ್ಲಿ ಬರೆದು, ತಲೆ ಬಾಚಿಕೊಂಡು ಆಫೀಸಿಗೆ ಹೊರಟಳು.

ಅದೇ ದಿನ 10 ಗಂಟೆ 20 ನಿಮಿಷಕ್ಕೆ ಪುತಳಾಬಾಯಿ ಠಾಣೆಗೆ ಬಂದರು. ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ಅಂದು ರಜೆ ಹಾಕಿದ್ದರು. ಇನ್‌ಸ್ಪೆಕ್ಟರ್ ಸಾಯಬಣ್ಣ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮಗಳು ಸಪ್ನಾ ಕಾಣವಲ್ಲಳ್ರೀ ಸಾಹೇಬ್ರ."

"ಎಂದಿನಿಂದ?"

"ಶುಕ್ರವಾರದಿಂದ. ಆಫೀಸಿನವರ ಸಂಗಡ ಗೋಕರ್ಣಕ್ಕ ಅಂತ ಹೋಗ್ಯಾಳ. ಗುರುವಾರ ಚಾ ಕುಡಿಯೋವಾಗ ಪ್ಲಾನ್ ಆತಂತ, ಮರದಿನ ಬ್ಯಾಗ್ ಹಾಕ್ಕೊಂಡು ಹೊಂಟೇಬಿಟ್ಟಳು. ಇವತ್ತ ಮುಂಜಾನಿ ಬರಬೇಕಿತ್ತು."

"ಫೋನ್ ಮಾಡಿದ್ರೇನು?"

"ಎತ್ತಂಗಿಲ್ಲ. ಮೆಸೇಜ್ ಬರ್ತಾವ."

ಸಾಯಬಣ್ಣ ಪೆನ್ನು ಕೆಳಗಿಟ್ಟರು. "ಮೆಸೇಜ್ ಬರ್ತಾವ ಅಂದ್ರ ಕಾಣೆ ಹ್ಯಾಂಗಾಗ್ತಾಳ್ರೀ ಬಾಯಿ?"

ಪುತಳಾಬಾಯಿ ಫೋನನ್ನು ಮೇಜಿನ ಗಾಜಿನ ಮೇಲಿಟ್ಟರು. ಅದರಲ್ಲಿ ಸಮುದ್ರದ ಫೋಟೋಗಳಿದ್ದವು. ಒಂದರಲ್ಲಿ ಮರಳಿನ ಮೇಲೆ ನಾಲ್ಕು ನೆರಳು. ಯಾವುದರಲ್ಲೂ ಮುಖವಿರಲಿಲ್ಲ. ಕೆಳಗೆ ಶನಿವಾರ ಮಧ್ಯಾಹ್ನ 1.15ರ ಸಂದೇಶ: 'ಅವ್ವಾ, ಊಟ ಆತು. ಸಾಬೂದಾನಿ ಖಿಚಡಿ, ಬಾಳಿಹಣ್ಣು.'

"ನನ್ನ ಮಗಳು ಒಣಮೀನ ಹುರಿಯೋ ವಾಸನಿಗೆ ನಿದ್ದಿಯಿಂದ ಎದ್ದು ಬರಾಕಿರೀ. ಸಮುದ್ರಕ್ಕ ಹೋಗಿ ಮೂರು ದಿನ ಮೀನಿನ ಸುದ್ದಿ ಎತ್ತಿಲ್ಲಂದ್ರ ಅಕಿ ನನ್ನ ಮಗಳಲ್ಲ. ಯಾರೋ ಅಕಿ ಹೆಸರಿಲೆ ಮಾತಾಡಲಕತ್ತಾರ."

ಇನ್‌ಸ್ಪೆಕ್ಟರ್ ಏನೋ ಸಮಾಧಾನ ಹೇಳಲು ಬಾಯಿ ತೆರೆದರು. ಆಗಲೇ ಫೋನು ಗಾಜಿನ ಮೇಲೆ ನಡುಗಿತು. ಸಮಯ 10.52.

'ಅವ್ವಾ, ಇನ್ನೊಂದು ದಿನ ಇರ್ತೀನಿ. ಅಲೆ ಭಾಳ ಚಂದ ಅದಾವ.'

ಸಾಯಬಣ್ಣ ಆ ಸಂಖ್ಯೆಗೆ ತಾವೇ ಕರೆ ಮಾಡಿದರು. ಗಂಟೆ ಪೂರ್ತಿ ಬಾರಿಸಿ ನಿಂತಿತು. 11.05ಕ್ಕೆ ಎಫ್‌ಐಆರ್ ದಾಖಲಾಯಿತು.

ಟವರ್ ವಿವರ ಬಂದದ್ದು 12.10ಕ್ಕೆ. ಹೆಡ್ ಕಾನ್ಸ್‌ಟೇಬಲ್ ನಬಿಸಾಬ್ ಹಾಳೆ ಹಿಡಿದು ಬಂದರು. ಸಪ್ನಾಳ ಫೋನು ಜಿಲ್ಲೆ ದಾಟಿಯೇ ಇರಲಿಲ್ಲ. ಶುಕ್ರವಾರ ಮಧ್ಯಾಹ್ನ 3.40ರಿಂದ ಸಂಜೆಯವರೆಗೆ ಹುಮನಾಬಾದ್ ರಸ್ತೆಯ ಕಮಲಾಪುರ. ಮೂರೂ ರಾತ್ರಿ ಗಾಜಿಪುರ. ಶನಿವಾರ, ಭಾನುವಾರ ಮಧ್ಯಾಹ್ನ ಮತ್ತೆ ಕಮಲಾಪುರ. ಈಗ ಬಂದ ಸಂದೇಶ ಸೂಪರ್ ಮಾರ್ಕೆಟ್ ಎಂಬ ಪೇಟೆಯದು. ಠಾಣೆಯಿಂದ ಆಟೋದಲ್ಲಿ ಹತ್ತು ನಿಮಿಷ.

"ಹುಮನಾಬಾದ್ ರಸ್ತಾಕ್ಕ ಸಮುದ್ರ ಯಾವಾಗ ಬಂತ್ರೀ ಸರ್?" ಎಂದ ನಬಿಸಾಬ್, ಬಾಗಿಲ ಬಳಿ ನಿಂತ ಪುತಳಾಬಾಯಿಯನ್ನು ಕಂಡು ನಾಲಿಗೆ ಕಚ್ಚಿಕೊಂಡರು.

ಕಾನ್ಸ್‌ಟೇಬಲ್ ಅಫ್ರೀನ್ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. "ಸರ್, ಶನಿವಾರ ಏಕಾದಶಿ ಇತ್ತು."

"ಅದಕ್ಕ?"

"ನಮ್ಮ ಬಾಜೂಮನಿ ಕಾಕೂ ಏಕಾದಶಿಗೆ ಇದನ್ನೇ ತಿಂತಾರ, ಸಾಬೂದಾನಿ ಖಿಚಡಿ. ಮೆಸೇಜ್ ಬರೆದೋರು ಉಳಿದದ್ದೆಲ್ಲ ಯೋಚನೆ ಮಾಡಿ ಬರದಾರ ಸರ್. ಊಟ ಮಾತ್ರ ತಾವು ಉಂಡಿದ್ದೇ ಬರದಬಿಟ್ಟಾರ."

ಸಾಯಬಣ್ಣ ಟೋಪಿ ತೆಗೆದುಕೊಂಡರು.

ಸಪ್ನಾ ಕೆಲಸ ಮಾಡುತ್ತಿದ್ದದ್ದು ಸೂಪರ್ ಮಾರ್ಕೆಟ್ಟಿನ ಬಟ್ಟೆ ಅಂಗಡಿಯೊಂದರ ಮೇಲಿನ ವಿಮಾ ಏಜೆನ್ಸಿಯಲ್ಲಿ. 12.50ಕ್ಕೆ ಪೊಲೀಸರು ಮೆಟ್ಟಿಲು ಹತ್ತಿದಾಗ ಸಹೋದ್ಯೋಗಿ ಕುನಾಲ ಎದುರಾದ. ಬಿಸಿಲಿಗೆ ಅವನ ಮೂಗಿನ ಸಿಪ್ಪೆ ಸುಲಿದಿತ್ತು.

"ಸಪ್ನಾ ನಿಮ್ಮ ಸಂಗಡ ಬಂದಿದ್ದಳೇನು?"

"ಇಲ್ರೀ ಸರ್. ಶುಕ್ರವಾರ ಸಂಜಿ ಆರೂ ಹತ್ತಕ್ಕ ಮೆಸೇಜ್ ಮಾಡಿದಳು, ಜ್ವರ ಬಂದಾವ, ನೀವ್ ಹೋಗ್ರಿ ಅಂತ. ನಾವ್ ನಾಕೇ ಮಂದಿ ಹೋದ್ವಿ."

ಅಫ್ರೀನ್ ಫೋಟೋ ತೋರಿಸಿದಳು.

"ಅರೆ, ಇವು ನನ್ನ ಸ್ಟೇಟಸ್‌ದವು! ಈ ದಪ್ಪ ನೆರಳು ನಂದೇ."

"ನಿಮ್ಮಲ್ಲಿ ಏಕಾದಶಿ ಯಾರು ಹಿಡೀತಾರ?"

ಕುನಾಲ ನಕ್ಕ. "ನಮ್ಮ ಗ್ಯಾಂಗಿನ್ಯಾಗ? ಕೋಳಿ ಸಿಕ್ರ ಬಿಡಂಗಿಲ್ರೀ." ಆಮೇಲೆ ನೆನೆಸಿಕೊಂಡು, "ಹಾಂ, ಶುಭದಾ ಹಿಡೀತಾಳ. ಅವರಪ್ಪಂದು ಕಮಲಾಪುರದಾಗ ಬಾಳಿ ತ್ವಾಟ ಅದ, ಕೆಂಪು ಬಾಳಿ."

"ಅಕಿನ್ನ ಯಾಕ ಕರಕೊಂಡು ಹೋಗಲಿಲ್ಲ?"

"ಅಕಿನ್ನ..." ಅವನು ಮೂಗು ಮುಟ್ಟಿಕೊಂಡ. "ಪ್ಲಾನ್ ಆಗೋವಾಗ ಅಕಿ ಅಲ್ಲೇ ಕುಂತಿದ್ದಳು ಸರ್. ಕೇಳಬೇಕಂತ ಯಾರಿಗೂ ಹೊಳೀಲಿಲ್ಲ."

ಜೆರಾಕ್ಸ್ ಯಂತ್ರದ ಹಿಂದಿನ ಮೂಲೆಯಲ್ಲಿ ಶುಭದಾ ಕುಳಿತಿದ್ದಳು. ವಯಸ್ಸು ಇಪ್ಪತ್ನಾಲ್ಕು, ಪದವೀಧರೆ, ಕೆಲಸಕ್ಕೆ ಸೇರಿ ಎರಡು ವರ್ಷ. ಅಫ್ರೀನ್ ಸಪ್ನಾಳ ಸಂಖ್ಯೆಗೆ ಕರೆ ಮಾಡಿದಳು. ಶುಭದಾಳ ಮೇಜಿನ ಖಾನೆಯೊಳಗೆ ಏನೋ ಗುಂಯ್‌ಗುಟ್ಟಿತು.

"ಸಪ್ನಾ ಎಲ್ಲಿ?"

ಶುಭದಾ ಖಾನೆಯನ್ನೇ ನೋಡುತ್ತ ಕುಳಿತಳು. ಮತ್ತೆ ಕೇಳಿದರೂ ಉತ್ತರವಿಲ್ಲ. ಅಲ್ಲಿಂದಲೇ ಅವಳ ತಂದೆ ಗೋಪಾಲರಾಯರಿಗೆ ಕರೆ ಹೋಯಿತು. ಅವರು ಹೇಳಿದ್ದು ಇಷ್ಟು: ಮಗಳು ಎಲ್ಲಿಗೂ ಹೋಗಿಲ್ಲ, ರಾತ್ರಿ ಮನೆಯಲ್ಲೇ ಇದ್ದಳು. ತೋಟದ ಗೊನೆ ಜನವರಿಯಲ್ಲೇ ಇಳಿದಿದೆ, ಮನೆ ಖರ್ಚಿಗೆ ಒಂದೆರಡು ಉಳಿದಿವೆ ಅಷ್ಟೆ, ಈಗ ಆ ಕಡೆ ಯಾರೂ ಸುಳಿಯುವುದಿಲ್ಲ. ಹಳೆಯ ಬಾವಿಯೊಂದಿದೆ, ನೀರಿಲ್ಲ.

"ಯಾಕ್ರಿ ಸಾಹೇಬ್ರ, ಏನಾತು?"

ಮಧ್ಯಾಹ್ನ 2.35ಕ್ಕೆ ಜೀಪು ಕಮಲಾಪುರದ ತೋಟದ ಬದುವಿಗೆ ಬಂತು. ಶುಭದಾ ಹಿಂದಿನ ಸೀಟಿನಲ್ಲಿದ್ದಳು. ಇಳಿದ ಕೂಡಲೇ ಎಲ್ಲರೂ ನಿಂತುಬಿಟ್ಟರು. ಗಾಳಿಗೆ ಒಣಗಿದ ಬಾಳೆಯೆಲೆಗಳ ಸದ್ದು ದೂರದಿಂದ ಒಂದೇ ಸಮನೆ ಬಂದು, ತೋಟದ ಅಂಚಿನಲ್ಲಿ ಮುರಿದು, ಹಿಂದೆ ಸರಿಯುತ್ತಿತ್ತು. ಅಫ್ರೀನ್ ಸಮುದ್ರ ನೋಡಿದವಳಲ್ಲ. ಆದರೂ ಅಲೆಯ ಸದ್ದು ಹೀಗೇ ಇರಬೇಕು ಅನಿಸಿತು.

ಹುಲ್ಲಿನಲ್ಲಿ ಹೊಸ ಕಾಲುಜಾಡು. ಅದರ ಕೊನೆಗೆ ಬೇವಿನ ಮರ, ಮರಕ್ಕೆ ಬಿಗಿದ ದಪ್ಪ ಹಗ್ಗ, ಹಗ್ಗದ ತುದಿಯಲ್ಲಿ ಬುಟ್ಟಿ. ಬುಟ್ಟಿಯಲ್ಲಿ ಕೆಂಪು ಬಾಳೆಯ ಸಿಪ್ಪೆ, ಖಾಲಿ ನೀರಿನ ಬಾಟಲಿ.

ಅಫ್ರೀನ್ ಕುಸಿದ ಬಾವಿಕಟ್ಟೆಯ ಮೇಲೆ ಮಲಗಿ ಕೆಳಗೆ ಬಗ್ಗಿದಳು. ಕತ್ತಲಿನಿಂದ ಒಣಗಿದ ದನಿಯೊಂದು ಮೇಲೆ ಬಂತು.

"ಶುಭದಾ, ಬಂದೇನೇ? ಇವತ್ತ ಭಾಳ ತಡಾ ಮಾಡಿದಿ."

ಅಗ್ನಿಶಾಮಕ ದಳದವರು ಸಪ್ನಾಳನ್ನು ಮೇಲೆತ್ತಿದಾಗ 3.25. ಬಲಗಾಲು ಮುರಿದಿತ್ತು. ಬೆಳಕಿಗೆ ಕಣ್ಣು ತೆರೆಯಲಾಗುತ್ತಿರಲಿಲ್ಲ. ನಬಿಸಾಬ್ ಠಾಣೆಗೆ ಫೋನ್ ಹಚ್ಚಿ, ಅದನ್ನು ಅವಳ ಕಿವಿಗೆ ಹಿಡಿದರು.

"ಅವ್ವಾ," ಎಂದಳು ಸಪ್ನಾ. ಆ ಕಡೆಯಿಂದ ಪುತಳಾಬಾಯಿಯ ಅಳು ಎಲ್ಲರಿಗೂ ಕೇಳಿಸಿತು.

ಆಂಬುಲೆನ್ಸಿಗೆ ಏರಿಸುವ ಮೊದಲು ಅವಳು ಹೇಳಿದಳು: "ಅಕಿ ದೂಡಿಲ್ರೀ. ಬಸ್ಸಿನ್ಯಾಗ ತಿನ್ನಾಕ ಬಾಳಿಹಣ್ಣು ಕೊಡ್ತೀನಿ ಬಾ ಅಂದಳು, ಅಕಿ ಸ್ಕೂಟಿ ಮ್ಯಾಲೇ ಬಂದ್ವಿ. ಕಟ್ಟಿ ಮ್ಯಾಲ ಕುಂತೆ, ಕುಸೀತು. ಫೋನು ಮ್ಯಾಲೇ ಬಿತ್ತು, ಅದಕ್ಕ ಲಾಕ್ ಹಾಕಿದ್ದಿಲ್ಲ. ಹಗ್ಗ ತರ್ತೀನಂತ ಹೋದಳು. ಆಮ್ಯಾಲ ಮಂದಿ ಬರ್ತಾರ ಅಂತ ದಿನಾ ಬುಟ್ಟ್ಯಾಗ ಊಟ ಅಷ್ಟೇ ಇಳಿಸಿದಳು."

ಪಂಚನಾಮೆಯಲ್ಲಿ ಹಗ್ಗದ ಉದ್ದ ಅರವತ್ತು ಅಡಿ ಎಂದೂ ಬಾವಿಯ ಆಳ ಮೂವತ್ತು ಅಡಿ ಎಂದೂ ದಾಖಲಾಯಿತು. ಹೊತ್ತು ಮುಳುಗುವ ಮೊದಲೇ, 4.50ಕ್ಕೆ, ಅಫ್ರೀನ್ ಶುಭದಾಳನ್ನು ಬಂಧಿಸಿದಳು. ಎಫ್‌ಐಆರ್‌ಗೆ ಅಕ್ರಮ ಬಂಧನ ಮತ್ತು ಕೊಲೆ ಯತ್ನದ ಕಲಂಗಳು ಸೇರಿದವು.

ಶುಭದಾಳ ಗಾಜಿಪುರದ ಮನೆಯಲ್ಲಿ ಜಪ್ತಿಯಾದ ಡೈರಿಯನ್ನು ಸಾಯಬಣ್ಣ ಠಾಣೆಯಲ್ಲಿ ತೆರೆದರು. ದುಂಡಗಿನ ಅಕ್ಷರಗಳಲ್ಲಿ ಪೂರ್ತಿ ಪ್ರವಾಸ ಅಲ್ಲಿತ್ತು. 'ಶುಕ್ರವಾರ ರಾತ್ರಿ ಬಸ್ಸಿನಲ್ಲಿ ಸಪ್ನಾ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಶನಿವಾರ ಇಬ್ಬರೂ ಮರಳಿನಲ್ಲಿ ಕೂತೆವು. ಭಾನುವಾರ ಅವಳು ನನ್ನ ಕೈ ಹಿಡಿದು ನೀರಿಗೆಳೆದಳು, ನನ್ನ ಚಪ್ಪಲಿ ಒಂದು ತೇಲಿ ಹೋಯಿತು.' ಬಾವಿಯ ಮಾತು ಎಲ್ಲೂ ಇರಲಿಲ್ಲ. ಅವರು ಪುಟ ಮುಚ್ಚಿದರು.

"ಹಗ್ಗ ಇತ್ತು. ಊರು ಹತ್ರ ಇತ್ತು. ಹೋಗಿ ಒಂದು ಮಾತು ಹೇಳಿದ್ರ ಮಂದಿ ಬರ್ತಿದ್ರು. ಯಾಕ ಕರೀಲಿಲ್ಲ ತಂಗಿ?"

ಅಫ್ರೀನ್ ನೀರಿನ ಲೋಟ ಶುಭದಾಳ ಹತ್ತಿರ ಸರಿಸಿದಳು. ಹೇಳಿಕೆಯ ಹಾಳೆ ಖಾಲಿಯಾಗಿಯೇ ಇತ್ತು. ಶುಭದಾ ತಲೆಯೆತ್ತಿದಳು. ಅವಳ ದನಿಯನ್ನು ಠಾಣೆಯಲ್ಲಿ ಎಲ್ಲರೂ ಅದೇ ಮೊದಲು ಕೇಳಿದರು.

"ಬಾವ್ಯಾಗಿಂದ ಅಕಿ ನನ್ನ ಹೆಸರು ಹಿಡಿದು ಕರೀತಿದ್ದಳ್ರೀ. ಇನ್ನೊಂದು ಸಲ ಕರೀಲಿ ಅನಸ್ತಿತ್ತು."