ಸೋಬಾನೆಯ ನಾಲ್ಕು ತುಂಡು

ಮರಿತಾಯಮ್ಮನ ದನಿ ಕಳುವಾಗಿತ್ತು. ಎರಡು ವರ್ಷದ ಹಿಂದೆ ತೀರಿಕೊಂಡ ಆಕೆ ಹಾಡಿದ್ದ ಸೋಬಾನೆ ಪದಗಳ ರೆಕಾರ್ಡಿಂಗ್ ನಾಡಿದ್ದು ಮೊಮ್ಮಗಳು ನಯನಳ ಮದುವೆಯಲ್ಲಿ ಕೇಳಿಸಬೇಕು, ಬೇರೆ ಪ್ರತಿಯಿಲ್ಲ. ಮರಿತಾಯಮ್ಮನ ಮಗಳು, ನಯನಳ ತಾಯಿ ಸೌಮ್ಯ, ಮದ್ದೂರಿನ ಜಾಕಿಯಾಳ ಕಂಪ್ಯೂಟರ್ ಅಂಗಡಿಗೆ ತಂದ ನಾಲ್ಕು ಫೈಲುಗಳೋ, ಜಪ್ಪಯ್ಯ ಅಂದರೂ ಬಿಚ್ಚಿಕೊಳ್ಳಲೊಲ್ಲವು.

"ಒಂದು ದೊಡ್ಡ ಗಂಟನ್ನ ತುಂಡು ಮಾಡಿ ಕಳಿಸಿದಾರೆ ಅಕ್ಕ. ಎಲ್ಲ ತುಂಡೂ ಇದ್ರೇನೇ ಬಿಚ್ಚೋದು. ಕಳಿಸಿದ್ಯಾರು?" ಎಂದಳು ಜಾಕಿಯಾ.

"ನಮ್ಮಣ್ಣ ಶಿವರಾಜು. ಬೇಕೂಂತ್ಲೇ ಕೆಡಿಸವ್ನೆ. ಈಗ ಪದ ಇದ್ದ ಕಂಪ್ಯೂಟ್ರು ಸುಟ್ಟೋಯ್ತು ಅಂತವ್ನಂತೆ."

ತಟ್ಟನೆ ಯಾರ ಮೇಲೂ ಗೂಬೆ ಕೂರಿಸುವವಳಲ್ಲ ಜಾಕಿಯಾ. ಫೋನ್ ಮಾಡಿದಳು. ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿದ ಶಿವರಾಜು ಬೈಕಿನಲ್ಲಿ ಬಂದ. ತಂಗಿಯ ಮುಖ ನೋಡದೆ ಸ್ಟೂಲಿನ ಮೇಲೆ ಕೂತ.

"ಎಷ್ಟು ತುಂಡು ಕಳಿಸಿದ್ರಿ ಅಣ್ಣ?"

"ಎಣಿಸಿಲ್ಲ ಕಣಮ್ಮ. ಇದ್ದಿದ್ನೆಲ್ಲ ಕಳಿಸ್ದೆ."

"ಬಂದಿದ್ದು ನಾಕೇ," ಎಂದು ಸೌಮ್ಯ ಗೋಡೆಗೆ ಹೇಳಿದಳು.

ಜಾಕಿಯಾ ಪರದೆಯತ್ತ ಬಾಗಿದಳು. ಮೊದಲನೆಯದು ನೂರು ಎಂಬಿ. ಎರಡನೆಯದು ನೂರು. ಮೂರು, ನಾಲ್ಕು — ಅವೂ ನೂರೇ. ಇದು ಮೊದಲೇ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಅಕ್ಕ, ನಾಲ್ಕನೇದು ಬಂದ ಮೇಲೆ ಏನಾಯ್ತು?"

ಸೌಮ್ಯ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ನಾನೇಳ್ತೀನಿ," ಎಂದ ಶಿವರಾಜು. "ಮನೆಗೆ ಬಂದು ಕುಂಕುಮ ಇಟ್ಟು ಕರೀಬೇಕಾದೋಳು, ಸೋದರಮಾವನ್ಗೆ ಫೋನಲ್ಲಿ ಮದ್ವೆ ಕಾರ್ಡು ಕಳಿಸಿದ್ಲು. ಫೈಲು ಕಳಿಸ್ತಾ ಇರುವಾಗ್ಲೇ ಅದು ಬಂತು. ಬೈದು ಮೆಸೇಜ್ ಹಾಕ್ದೆ."

"ನಾನು ಬ್ಲಾಕ್ ಮಾಡ್ದೆ," ಎಂದಳು ಸೌಮ್ಯ, ಮೆಲ್ಲಗೆ.

"ನಿಮ್ಮ ಫೋನ್ ಕೊಡಿ ಅಣ್ಣ."

ಐದನೆಯ ಫೈಲು ಅಲ್ಲೇ ಇತ್ತು. ಹನ್ನೆರಡೇ ಎಂಬಿ, ಪಕ್ಕದಲ್ಲಿ ಒಂದೇ ಟಿಕ್ಕು: ಹೋಗಿದೆ, ತಲುಪಿಲ್ಲ.

"ಥಾನು ಬಟ್ಟೆನ ಒಂದೇ ಅಳತೆಗೆ ಕತ್ತರಿಸ್ತಾ ಹೋದ್ರೆ ಕೊನೇಲಿ ಗಿಡ್ಡ ತುಂಡು ಉಳಿಯುತ್ತೆ, ಅಲ್ವಾ?" ಎಂದಳು ಜಾಕಿಯಾ. "ಇಲ್ಲಿ ನಾಲ್ಕನೇದೂ ಪೂರ್ತಿ ಅಳತೆ. ಹಂಗಾದ್ರೆ ಇನ್ನೊಂದು ಇರಲೇಬೇಕು. ಬೈದ ಮೇಲೂ ಅಣ್ಣ ಅದನ್ನ ಕಳಿಸಿದಾರೆ. ಬಾಗಿಲು ಹಾಕ್ಕೊಂಡಿದ್ದೋರು ನೀವು. ಕಳ್ಳಿ ನೀವೇ ಅಕ್ಕ."

ಐದನ್ನೂ ಒಂದೆಡೆ ಹಾಕಿ ಬಿಚ್ಚಿದಳು. ಸ್ಪೀಕರಿನಲ್ಲಿ ಮೊದಲು ಒಂದು ಕೆಮ್ಮು, ಆಮೇಲೆ ಮರಿತಾಯಮ್ಮನ ಪದ. ಸೌಮ್ಯಳಿಗೆ ಅಳು ತಡೆಯಲಾಗಲಿಲ್ಲ, ಶಿವರಾಜುವೂ ಕಣ್ಣೊರೆಸಿಕೊಂಡ.

ಪದ ಮುಗಿದಾಗ ಸೌಮ್ಯ ಚೀಲದಿಂದ ಲಗ್ನಪತ್ರಿಕೆ ತೆಗೆದು ಎರಡೂ ಕೈಯಲ್ಲಿ ಅಣ್ಣನತ್ತ ನೀಡಿದಳು.

"ಇಲ್ಲಿ ಬ್ಯಾಡ," ಎಂದು ಎದ್ದ ಶಿವರಾಜು. "ಮನೆಗೆ ಬಂದು ಕರಿ. ನಡಿ, ಬೈಕ್ ಹತ್ತು."