ಒಲೆ ಇದ್ದ ಜಾಗ

ಕಲ್ಲಿದ್ದಲಿನ ಹೊಗೆ ತಪ್ಪದಿದ್ದರೆ ಮಗಳು ಸರ್ನೈ ಉಳಿಯುವುದಿಲ್ಲ ಎಂದರು ಡಾಕ್ಟರು. ಹಾಗಾಗಿ ಉಲಾನ್‌ಬಾತರ್‌ನ ನಮ್ಮ ಉಣ್ಣೆಗುಡಾರಕ್ಕೆ ಕರೆಂಟಿನ ಹೀಟರು ತಂದೆ. ತೀರಿಹೋದ ಗಂಡ ಚುಲೂನ್ ದಿನಾ ನಸುಕಿನಲ್ಲಿ ಹೊತ್ತಿಸುತ್ತಿದ್ದ ಒಲೆಯನ್ನು ಮಾರಿಬಿಟ್ಟೆ.

"ಅಪ್ಪ ಬಯ್ಯಲ್ವೇನಮ್ಮಾ?"

"ಬಯ್ಯೋಕಾದ್ರೂ ಬರಲಿ ಬಿಡೇ," ಎಂದೆ.

ಮರುದಿನ ಹಾಲುಚಹಾ ಕಾಯಿಸಿದವಳು, ಮೊದಲ ಚಮಚ ಬೆಂಕಿಗೆ ಅರ್ಪಿಸುವ ರೂಢಿಯಲ್ಲಿ, ಒಲೆ ಇದ್ದ ಬರಿನೆಲಕ್ಕೆ ಸುರಿದೆ. ನೆಲ ಚುರ್ರೆಂದಿತು.

ಅಂದಿನಿಂದ ಹೀಟರು ಆರಿಸಿದರೂ ಗುಡಾರ ಬೆಚ್ಚಗಿರುತ್ತದೆ. ನಸುಕಿನಲ್ಲಿ ಯಾರೋ ಕಲ್ಲಿದ್ದಲು ಒಡೆಯುವ ಸದ್ದು ಕೇಳುತ್ತದೆ. ಸರ್ನೈ ಮತ್ತೆ ಕೆಮ್ಮುತ್ತಾಳೆ.

ನಿನ್ನೆ ಡಾಕ್ಟರು ಗದರಿದರು. "ಇನ್ನೂ ಒಲೆ ಉರಿಸ್ತಿದ್ದೀಯೇನಮ್ಮ?"

"ಮನೇಲಿ ಒಲೆನೇ ಇಲ್ಲ ಡಾಕ್ಟ್ರೇ."

ಅವರು ಸರ್ನೈಯ ಮೂಗೊರೆಸಿದ ಬಿಳಿ ಬಟ್ಟೆಯನ್ನು ನನ್ನ ಮುಂದೆ ಹಿಡಿದರು. ಅದರ ತುಂಬ ಹಸಿ ಮಸಿಯಿತ್ತು.