ಹಸಿರು ಅಂಚಿನ ತುಣುಕು

ಸರ್ಜನ್ ಕೈಯಲ್ಲಿ ಚಾಕು ಇತ್ತು. ಅದರ ಮೊನೆ ನನ್ನ ಕಡೆಗಿತ್ತು.

"ಮೇಡಂ, ಇನ್ನೊಂದು ಹೆಜ್ಜೆ ಮುಂದೆ ಬಂದ್ರೆ ಸೆಕ್ಯೂರಿಟಿ ಕರೆಸ್ತೀನಿ."

"ಕರೆಸಿ. ಅವರು ಬರೋವರೆಗೆ ಆ ನಾಲಿಗೆ ಮುಟ್ಟಬೇಡಿ."

ಮೇಜಿನ ಮೇಲೆ ಎಚ್ಚರ ತಪ್ಪಿ ಮಲಗಿದ್ದವನು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಇನ್ನೈದು ನಿಮಿಷಕ್ಕೆ ಅವನ ಅರ್ಧ ನಾಲಿಗೆ ಹೋಗಲಿತ್ತು. ಕ್ಯಾನ್ಸರ್ ಅಂತ ರಿಪೋರ್ಟ್ ಇತ್ತಲ್ಲ!

ಅದಕ್ಕೆ ಸಹಿ ಹಾಕಿದವಳು ನಾನೇ.

ಮತ್ತೆ ಇಲ್ಲೇನು ಕೆಲಸ ಅಂತೀರಾ? ಕೇಳಿ...

ನಾನು ಪೆಥಾಲಜಿಸ್ಟ್. ನೆಲಮಾಳಿಗೆಯಲ್ಲಿ ಫಾರ್ಮಲಿನ್ ವಾಸನೆ ಕುಡಿಯುತ್ತಾ, ಮೇಲಿನವರು ಕೊಯ್ದು ಕಳಿಸಿದ ತುಂಡುಗಳಲ್ಲಿ ರೋಗ ಹುಡುಕುವವಳು. ಅವರಿಗೆ ನಾನು ಒಂದು ಸಹಿ, ಅಷ್ಟೇ.

ಅರ್ಧ ಗಂಟೆಯ ಹಿಂದೆ, ಫೈಲಿಗೆ ಫೋಟೋ ಬೇಕೆಂದು ಹರಾಜಿನವನ ಸ್ಲೈಡನ್ನು ಮತ್ತೆ ಮೈಕ್ರೋಸ್ಕೋಪಿನಡಿ ಇಟ್ಟೆ. ಹುಣ್ಣು. ಬಾವು. ಮೂಲೆಯಲ್ಲೊಂದು ಕ್ಯಾನ್ಸರ್ ತುಣುಕು. ಮೊನ್ನೆ ನೋಡಿದ್ದೂ ಇದನ್ನೇ.

ಆದರೆ ಆ ತುಣುಕಿನ ಅಂಚಿಗೆ ಹಸಿರು ಗೆರೆ.

ಲೆನ್ಸ್ ಬದಲಿಸಿ ಮತ್ತೆ ನೋಡಿದೆ. ಹಸಿರೇ.

ಇಡಿಯಾಗಿ ತೆಗೆದ ಗಡ್ಡೆಗೆ ನಾವು ಹೊರಮೈಗೆಲ್ಲ ಬಣ್ಣ ಬಳಿಯುತ್ತೇವೆ, ರೋಗ ಅಂಚಿನವರೆಗೂ ಬಂದಿದೆಯೇ ಎಂದು ತಿಳಿಯಲು. ಎಳ್ಳಿನಷ್ಟು ಬಯಾಪ್ಸಿ ಚೂರಿಗೆ ಯಾರೂ ಬಣ್ಣ ಹಚ್ಚುವುದಿಲ್ಲ.

"ಇವನದಕ್ಕಿಂತ ಮುಂಚೆ ಯಾವುದು ಕೊಯ್ದೆ?" ಟೆಕ್ನಿಷಿಯನ್ನನ್ನು ಕೇಳಿದೆ.

ರಿಜಿಸ್ಟರ್ ತೆರೆದ. "ಒಂದು ಕೆನ್ನೆ ಗಡ್ಡೆ, ಮೇಡಂ. ಹಸಿರು ಹಚ್ಚಿದ್ದು."

"ಮಧ್ಯ ನೀರು ಒರೆಸಿದ್ಯಾ?"

"ಗಡಿಬಿಡಿಯಲ್ಲಿ... ಇಲ್ಲ, ಮೇಡಂ."

ಕೂದಲಿಗಿಂತ ತೆಳ್ಳಗೆ ಕೊಯ್ದ ಪದರವನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು ಗಾಜಿಗೆ ಎತ್ತಿಕೊಳ್ಳುತ್ತೇವೆ. ಒಬ್ಬರದು ಮುಗಿದೊಡನೆ ನೀರಿನ ಮೇಲ್ಮೈಯನ್ನು ಕಾಗದದಿಂದ ಒರೆಸಬೇಕು. ಒರೆಸಿರಲಿಲ್ಲ. ಯಾರದೋ ಕೆನ್ನೆಯ ಕ್ಯಾನ್ಸರ್ ಬಂದು ಹರಾಜಿನವನ ಗಾಜಿಗೆ ಅಂಟಿತ್ತು. ಅದು ಟೆಕ್ನಿಷಿಯನ್ನನ ತಪ್ಪು. ಎಪ್ಪತ್ತು ಸ್ಲೈಡ್ ನೋಡಿ ಕಣ್ಣು ಸೋತಿದ್ದಾಗ ಅಂಚು ನೋಡದೆ ಸಹಿ ಹಾಕಿದ್ದು ನನ್ನದು. ನನ್ನದೇ ದೊಡ್ಡದು.

ಆಪರೇಷನ್ ಥಿಯೇಟರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎಂಗೇಜ್! ಲಿಫ್ಟ್ ಮೂರನೇ ಮಹಡಿಯಲ್ಲಿ ನಿಂತದ್ದು ನಿಂತೇ ಇತ್ತು. ಹಾಳಾಗಿ ಹೋಗಲಿ ಎಂದು ಮೆಟ್ಟಿಲು ಹತ್ತಿದೆ. ಐದು ಮಹಡಿ... ಐವತ್ತಾರು ವರ್ಷದ ಮಂಡಿ.

ಎರಡನೇ ಮಹಡಿಯಲ್ಲಿ ಆಡಳಿತಾಧಿಕಾರಿ ಅಡ್ಡ ನಿಂತಿದ್ದರು. ಟೆಕ್ನಿಷಿಯನ್ ಹೆದರಿ ಅವರಿಗೆ ಎಲ್ಲ ಒದರಿದ್ದ.

"ಮೇಡಂ, ಆಗಿದ್ದು ಆಗಿಹೋಯ್ತು. ಈಗ ಬಾಯಿ ಬಿಟ್ರೆ ಆಸ್ಪತ್ರೆ ಹೆಸರು ಮಣ್ಣುಪಾಲು."

"ಬಿಡದಿದ್ರೆ ಅವನ ನಾಲಿಗೆ."

"ನಿಮ್ಮ ಕೆಲಸ ಹೋಗುತ್ತೆ."

"ಹೋಗ್ಲಿ. ದಾರಿ ಬಿಡಿ."

ನನ್ನ ತೋಳು ಹಿಡಿದರು. ಬಿಗಿಯಾಗಿ.

"ಈ ಕೋಟಿನ ತೋಳು ಬೆಳಗ್ಗೆಯಿಂದ ಯಾವ್ಯಾವ ಗಡ್ಡೆಗೆ ತಗುಲಿದೆ ಗೊತ್ತಾ ಸಾರ್?"

ತಟ್ಟನೆ ಬಿಟ್ಟರು. ನಾನು ಓಡಿದೆ. ಥಿಯೇಟರ್ ಬಾಗಿಲಲ್ಲಿ ನರ್ಸ್ ತಡೆದಳು. ಕೋಟು ಕಿತ್ತೆಸೆದು ಗೌನು, ಮಾಸ್ಕು ಸಿಕ್ಕಿಸಿಕೊಂಡು ಅವಳನ್ನು ದಾಟಿ ನುಗ್ಗಿದೆ.

ಆಗಲೇ ಚಾಕುವಿನ ಮೊನೆ ನನ್ನತ್ತ ತಿರುಗಿದ್ದು.

ಹಸಿರು ಗೆರೆಯ ಕತೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

"ಮೊನ್ನೆ ಇದೆ ಅಂದ್ರಿ, ಇವತ್ತು ಇಲ್ಲ ಅಂತೀರಿ. ನಿಮ್ಮ ಯಾವ ಮಾತು ನಂಬ್ಲಿ?" ಎಂದರು ಸರ್ಜನ್.

ಪ್ರಶ್ನೆ ನ್ಯಾಯವಾಗಿತ್ತು.

"ಯಾವುದನ್ನೂ ನಂಬಬೇಡಿ. ಹುಣ್ಣಿಂದ ಹೊಸ ಚೂರು ಕೊಡಿ. ಹೆಪ್ಪುಗಟ್ಟಿಸಿ ನೋಡಿ ಇಪ್ಪತ್ತು ನಿಮಿಷದಲ್ಲಿ ಹೇಳ್ತೀನಿ."

"ಕ್ಯಾನ್ಸರ್ ಇದ್ರೆ?"

"ಕೊಯ್ಯಿರಿ. ನಾನು ಅಡ್ಡ ಬರಲ್ಲ."

ಗಡಿಯಾರ ನೋಡಿದರು. ನನ್ನನ್ನು ನೋಡಿದರು. ಹುಣ್ಣಿನ ನಾಲ್ಕು ಕಡೆಯಿಂದ ಚೂರು ತೆಗೆದುಕೊಟ್ಟರು.

ಪಕ್ಕದ ಕೋಣೆಯಲ್ಲಿ ಚೂರುಗಳನ್ನು ಹೆಪ್ಪುಗಟ್ಟಿಸಿ ನಾನೇ ಕೊಯ್ದೆ. ಮೊದಲ ಪದರ ಮುದುಡಿತು. ಎರಡನೆಯದು ಹರಿಯಿತು. ಬ್ಲೇಡು ಬದಲಿಸಿದೆ. ಮೂರನೆಯದು ನಿಂತಿತು. ನಾಲ್ಕೂ ಚೂರುಗಳನ್ನು ಅಂಚಿನಿಂದ ಅಂಚಿಗೆ ನೋಡಿದೆ. ಎರಡು ಸಲ.

"ಬರೀ ಹುಣ್ಣು. ಕ್ಯಾನ್ಸರ್ ಇಲ್ಲ."

ಸರ್ಜನ್ ಅವನ ಬಾಯೊಳಗೆ ಬೆರಳಾಡಿಸಿದರು. ಮುರಿದ ದವಡೆ ಹಲ್ಲೊಂದು ಗರಗಸದಂತಿತ್ತು. ನಾಲಿಗೆಯನ್ನು ತಿಂಗಳುಗಟ್ಟಲೆ ಕೆರೆದಿದ್ದು ಅದೇ. ಚಾಕು ಕೆಳಗಿಟ್ಟರು.

ಮೂರನೆಯ ದಿನ ವಾರ್ಡಿಗೆ ಹೋದೆ. ನನ್ನ ಸಸ್ಪೆನ್ಷನ್ ಆರ್ಡರ್ ಜೇಬಿನಲ್ಲೇ ಇತ್ತು. ಹರಾಜಿನವನು ಎದ್ದು ಕೂತಿದ್ದ. ಪಕ್ಕದಲ್ಲಿ ಹೆಂಡತಿ.

"ನಿಮಗೆ ಕ್ಯಾನ್ಸರ್ ಅಂತ ಬರೆದವಳು ನಾನು," ಎಂದೆ.

"ಬೇಡ ಕಣ್ರೀ," ಎಂದು ಹೆಂಡತಿ ಅವನ ಕೈ ಹಿಡಿದಳು.

ಅವನು ಶುರು ಮಾಡಿದ. ನನ್ನ ಓದು, ನನ್ನ ಕಣ್ಣು, ನನ್ನನ್ನು ಹೆತ್ತವರು... ಯಾರನ್ನೂ ಬಿಡಲಿಲ್ಲ. ಆ ತುದಿಯ ಹಾಸಿಗೆಯವರೂ ಎದ್ದು ಕೂತರು. ನಾನು ಕೈಕಟ್ಟಿ ನಿಂತು ಪೂರ್ತಿ ಕೇಳಿಸಿಕೊಂಡೆ.

ಕಾಲು ಗಂಟೆ ಬೈದ. ಒಂದಕ್ಷರವೂ ತೊದಲಲಿಲ್ಲ.